ಇನ್ನೊಂದಷ್ಟು ದಿನ ಎಳೆಯೋಣ

"ನನ್ನ ಮಾತು ಕತ್ತರಿಸಿದ್ದು ಯಾರು?"

ಬಾಗಿಲು ತಟ್ಟಲಿಲ್ಲ, ಒಳಗೆ ಬರಲಾ ಅಂತ ಕೇಳಲಿಲ್ಲ. ಮೂರು ಮಹಡಿ ಹತ್ತಿ ಬಂದ ಸಿಟ್ಟಿನಲ್ಲೇ ಎಡಿಟಿಂಗ್ ರೂಮಿಗೆ ನುಗ್ಗಿ ಅವಳು ಕೇಳಿದ ಮೊದಲ ಮಾತು ಇದು.

ರೂಮು ಕತ್ತಲಾಗಿತ್ತು. ದೊಡ್ಡ ಪರದೆಯ ಮೇಲೆ ಸೀರಿಯಲ್ಲಿನ ನಾಯಕಿ, ನರ್ಸ್ ಪಾತ್ರದವಳು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಮುಖದ ಬೆಳಕೇ ಇಡೀ ರೂಮಿಗೆ ದೀಪ. ಆ ಬೆಳಕಿನಲ್ಲಿ ಒಬ್ಬ ಬೆನ್ನು ತೋರಿಸಿಕೊಂಡು ಕೂತಿದ್ದ, ಹೆಡ್‌ಫೋನ್ ಕುತ್ತಿಗೆಗೆ ಇಳಿಬಿಟ್ಟುಕೊಂಡು. ಎಡಿಟರ್ ಕೆಲಸಕ್ಕೆ ಸೇರಿ ವಾರವೂ ಆಗಿರಲಿಲ್ಲ. ಅಷ್ಟರಲ್ಲೇ ಸೆಟ್ಟಿನವರು ಅವನಿಗೆ 'ಕತ್ತರಿ' ಅಂತ ಹೆಸರಿಟ್ಟಾಗಿತ್ತು.

"ನಾನೇ," ಅಂದ ಅವನು, ತಿರುಗಿ. "ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ."

"ಹಾಗಾದ್ರೆ ನಿಂತ್ಕೊಂಡೇ ನೋಡಿ."

ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ನಾಯಕ, ಅಂದರೆ ವಕೀಲ, ಚೀಲ ಹಿಡಿದು ಹೊರಟ. ನರ್ಸ್ ಬಾಗಿಲವರೆಗೆ ಬಂದಳು. ಇಲ್ಲಿ ಅವಳ ಬಾಯಿಗೆ ಅರ್ಧ ಪುಟದ ಮಾತು ಬರೆದಿಟ್ಟಿದ್ದಳು ನಮ್ಮ ರೈಟರ್, ಅಂದರೆ ಈ ನುಗ್ಗಿ ಬಂದವಳು. ಬೆಳಗಿನ ಜಾವ ಎದ್ದು, ಮೂರು ಸಲ ತಿದ್ದಿ ಬರೆದದ್ದು. ಅದರಲ್ಲಿ ಒಂದು ಅಕ್ಷರವೂ ಉಳಿದಿರಲಿಲ್ಲ. ನರ್ಸ್ ಬಾಯಿ ತೆರೆದಳು... ಮುಚ್ಚಿದಳು... ವಕೀಲ ಹೋದ ದಾರಿಯನ್ನೇ ನೋಡಿದಳು... ಬಾಗಿಲು ಎಳೆದುಕೊಂಡಳು. ಅಷ್ಟೇ.

ರೈಟರ್ ಗಬಕ್ಕನೆ ಕಣ್ಣೊರೆಸಿಕೊಂಡಳು. ತನ್ನ ಸೀನಿಗೆ ತಾನೇ ಅಳುವುದುಂಟೇ?

"ಮಾತೆಲ್ಲಿ?" ಅಂದಳು, ದನಿ ಸ್ವಲ್ಪ ಒಡೆದಿತ್ತು.

"ಇದೆಯಲ್ಲ. ಕೇಳಿಸಲಿಲ್ವಾ?"

ಕೇಳಿಸಿತ್ತು. ಅದೇ ಅವಳ ಸಿಟ್ಟು. "ಇನ್ಮೇಲೆ ನನ್ನ ಕೇಳದೆ ಒಂದಕ್ಷರ ತೆಗೀಬೇಡಿ," ಅಂದಳು.

"ಸರಿ ಮೇಡಂ. ನೀವೂ ನನ್ನ ಕೇಳದೆ ಒಂದಕ್ಷರ ಸೇರಿಸಬೇಡಿ."

ಅವಳು ಧಡ ಧಡ ಇಳಿದು ಹೋದಳು. ಸಂಜೆಯೊಳಗೆ ಸೆಟ್ಟಿಗೆಲ್ಲ ಸುದ್ದಿ: ಮಾತಿನಮಲ್ಲಿಗೂ ಕತ್ತರಿಗೂ ಎಣ್ಣೆ ಸೀಗೆಕಾಯಿ. ಮಾತಿನಮಲ್ಲಿ ಅಂದರೆ ಇವಳೇ. ಎದುರಿಗೆ 'ರೈಟರ್ ಮೇಡಂ', ಬೆನ್ನ ಹಿಂದೆ ಮಾತಿನಮಲ್ಲಿ. ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಈಗ ಸೀರಿಯಲ್ಲಿನ ಕಥೆ ಹೇಳಿಬಿಡುತ್ತೇನೆ, ಎರಡು ಮಾತಲ್ಲಿ ಮುಗಿಯುತ್ತದೆ. ಒಬ್ಬ ವಕೀಲ, ಒಬ್ಬಳು ನರ್ಸ್. ಒಂದು ಅಜ್ಜಿಯ ಮನೆಯಲ್ಲಿ ಇಬ್ಬರೂ ಬಾಡಿಗೆಗೆ ಇದ್ದಾರೆ, ಆ ಕೋಣೆ ಅವನದು, ಈ ಕೋಣೆ ಇವಳದು. ಒಬ್ಬರ ಮೇಲೆ ಒಬ್ಬರಿಗೆ ಪ್ರಾಣ. ಅದು ಅಜ್ಜಿಗೆ ಗೊತ್ತು, ಹಾಲಿನವನಿಗೆ ಗೊತ್ತು, ಮನೆಮನೆಯಲ್ಲಿ ಕೂತು ನೋಡುವ ಜನಕ್ಕಂತೂ ಗೊತ್ತೇ ಗೊತ್ತು. ಗೊತ್ತಿಲ್ಲದಿರುವುದು ಅವರಿಬ್ಬರಿಗೆ ಮಾತ್ರ. ಹೇಳಬೇಕು ಅನ್ನುವಷ್ಟರಲ್ಲಿ ಫೋನ್ ಬರುತ್ತದೆ. ಇಲ್ಲವೇ ಅಜ್ಜಿಗೆ ಎದೆನೋವು. ಅಜ್ಜಿಗೆ ಬಂದಷ್ಟು ಎದೆನೋವು ಬೇರೆ ಯಾರಿಗಾದರೂ ಬಂದಿದ್ದರೆ ಎಂದೋ ಶಿವನ ಪಾದ ಸೇರುತ್ತಿದ್ದರು. ವರ್ಷಗಟ್ಟಲೆ ಹೀಗೇ ಎಳೆದುಕೊಂಡು ಬಂದಿದ್ದಾರೆ, ಜನ ಬೈಯುತ್ತಲೇ ನೋಡುತ್ತಾರೆ.

ಎಳೆಯುತ್ತಿದ್ದವಳು ನಮ್ಮ ರೈಟರ್. ಅವಳಿಗೆ ಅದರಲ್ಲಿ ಒಂದು ಭಯವಿತ್ತು. ಹಿಂದೆ ಬರೆದ ಸೀರಿಯಲ್ಲಿನಲ್ಲಿ ಪಾಪ ಅನ್ನಿಸಿ, ಒಲಿದವರಿಬ್ಬರಿಗೂ ಮದುವೆ ಮಾಡಿಸಿಬಿಟ್ಟಿದ್ದಳು. ಜನ ಕಣ್ತುಂಬ ನೋಡಿದರು, ಕಣ್ಣೊರೆಸಿಕೊಂಡರು, ಮಾರನೆಯ ವಾರ ಬೇರೆ ಚಾನೆಲ್ಲಿಗೆ ಹೋದರು. ಸೀರಿಯಲ್ ನಿಂತೇ ಹೋಯಿತು. ಅಂದಿನಿಂದ ಅವಳದು ಒಂದೇ ಮಂತ್ರ: ಹೇಳುವವರೆಗೆ ಮಾತ್ರ ಕಥೆ. ಹೇಳಿದರೆ ಮುಗಿಯಿತು.

ಸೀರಿಯಲ್ಲಿಗೆ ಸರಿ. ಆದರೆ ಹುಡುಗಿ ಆ ಮಂತ್ರವನ್ನು ತನ್ನ ಬಾಳಿಗೂ ಹಾಕಿಕೊಂಡು ಕೂತಿದ್ದಳು. ಯಾರಾದರೂ ಸ್ವಲ್ಪ ಹತ್ತಿರ ಬಂದರೆ ಸಾಕು, ನಗುನಗುತ್ತಾ ಮಾತು ಬದಲಾಯಿಸಿಬಿಡುತ್ತಿದ್ದಳು.

"ಅಲ್ಲ ಕಣೇ, ಆ ವಕೀಲ ಕೋರ್ಟಲ್ಲಿ ಅಷ್ಟು ಮಾತಾಡ್ತಾನೆ, ಮನೆಗೆ ಬಂದ್ರೆ ಬಾಯಿಗೆ ಬೀಗ," ಅನ್ನುತ್ತಿದ್ದರು ಅವಳ ಅಮ್ಮ, ಬಟ್ಟೆ ಮಡಚುತ್ತಾ. "ಅವನ ಬಾಯಿಗೆ ಬೀಗ ಹಾಕಿರೋಳು ನೀನು. ನಿನ್ನ ಬಾಯಿಗೆ ಯಾರು ಹಾಕಿದ್ದು?"

"ಅಮ್ಮ, ನನಗೆ ಬರೆಯೋದಿದೆ."

"ಬರಿ, ಬರಿ. ಅವರಿಬ್ಬರಿಗೆ ಮೊಮ್ಮಕ್ಕಳಾಗೋ ವಯಸ್ಸಾಯ್ತು. ನನಗೂ ಆಯ್ತು."

ಅಮ್ಮನ ಬಾಯಿಗೆ ಡೈಲಾಗ್ ಬರೆದುಕೊಡುವ ಅಗತ್ಯ ಯಾರಿಗೂ ಯಾವತ್ತೂ ಬಿದ್ದಿರಲಿಲ್ಲ.

*

ಜಗಳ ಅಂತ ಶುರುವಾದದ್ದು ಯಾವಾಗ ಅಭ್ಯಾಸವಾಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಊಟವಾದ ಮೇಲೆ ಅವಳು ಮಾರನೆಯ ಸೀನುಗಳನ್ನು ಹಿಡಿದು ಮೇಲೆ ಹತ್ತುವಳು. ಓದಲು ಬೆಳಕು ಬೇಕಲ್ಲ, ಅವನು ಕಿಟಕಿಯ ಪರದೆ ಬಟ್ಟೆಯನ್ನು ಒಂದು ಗೇಣು ಸರಿಸುವನು. ಅಷ್ಟರಲ್ಲೇ ಮಧ್ಯಾಹ್ನದ ಬಿಸಿಲು ಒಂದು ಪಟ್ಟಿಯಾಗಿ ಅವಳ ಮಡಿಲ ಮೇಲೆ ಬಂದು ಬೀಳುತ್ತಿತ್ತು. ಅದರಲ್ಲಿ ಧೂಳು ಮೆಲ್ಲಗೆ ತೇಲುತ್ತಿತ್ತು. ಪರದೆಯ ಮೇಲೆ ವಕೀಲ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ, ನರ್ಸ್ ಮತ್ತೆ ಮತ್ತೆ ತಲೆ ಎತ್ತುತ್ತಿದ್ದಳು. ನೋಡ್ತಾ ನೋಡ್ತಾ ಅವಳಿಗೆ ಮಂಪರು ಕವಿದಂತಾಗುತ್ತಿತ್ತು. ಹೊರಗೆ ಲೋಕ ಇದೆ, ಅಲ್ಲಿ ಬಸ್ಸು ಓಡುತ್ತಿದೆ, ಜನ ತರಕಾರಿ ಕೊಳ್ಳುತ್ತಿದ್ದಾರೆ ಅನ್ನುವುದೇ ಮರೆತುಹೋಗುತ್ತಿತ್ತು.

"ಇಲ್ಲಿ ಎಷ್ಟು ಹೊತ್ತು ಸುಮ್ಮನಿರಲಿ ಇವಳು?" ಅಂತ ಅವನು ಕೇಳುವನು.

ಅದಕ್ಕೊಂದು ಲೆಕ್ಕ ಅವರಲ್ಲೇ ಹುಟ್ಟಿಕೊಂಡಿತ್ತು. ಅವಳು ಕಣ್ಣು ಮುಚ್ಚಿ ನರ್ಸಿನ ಜಾಗದಲ್ಲಿ ತಾನು ನಿಲ್ಲುವಳು. ಎದುರಿಗೆ ಅವನು, ಮನಸ್ಸಿನಲ್ಲಿ ಮಾತು, ನಾಲಿಗೆ ಮೇಲೆ ಏನೂ ಇಲ್ಲ. ಎದೆ ಎಲ್ಲಿಯವರೆಗೆ ತಡೆಯುತ್ತದೋ ಅಲ್ಲಿಯವರೆಗೆ ತಡೆದು "ಸಾಕು" ಅನ್ನುವಳು. ಅಲ್ಲಿಗೆ ಅವನು ಕತ್ತರಿಸುವನು. ಒಂದು ಸಲವೂ ತಪ್ಪಿದ್ದಿಲ್ಲ.

ಒಂದು ದಿನ ಕಣ್ಣು ಮುಚ್ಚಿದವಳು ಸಾಕು ಅನ್ನಲೇ ಇಲ್ಲ. ಅಷ್ಟು ಹೊತ್ತಾಯಿತಲ್ಲ ಅಂತ ಕಣ್ಣು ಬಿಟ್ಟರೆ, ಅವನು ಪರದೆ ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ.

"ಸಾಕು," ಅಂದಳು, ಮುಖ ಬಿಸಿಯಾಗಿ.

"ಹ್ಞಾಂ... ಸಾಕು," ಅಂದ ಅವನು. ಆ ದಿನದ ಎಪಿಸೋಡಿನಲ್ಲಿ ನರ್ಸ್ ಅಷ್ಟೊಂದು ಹೊತ್ತು ಸುಮ್ಮನೆ ನಿಂತದ್ದೇಕೆ ಅಂತ ಡೈರೆಕ್ಟರ್‌ಗೂ ಅರ್ಥವಾಗಲಿಲ್ಲ. ಜನ ಮಾತ್ರ ಅತ್ತರಂತೆ.

ಅವತ್ತು ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತವಳಿಗೆ ತನ್ನ ನಿಲ್ದಾಣ ಬಂದದ್ದೂ ತಿಳಿಯಲಿಲ್ಲ. ಎರಡು ನಿಲ್ದಾಣ ಮುಂದೆ ಹೋಗಿ ಇಳಿದು, ನಡೆದು ಬಂದಳು. ನಡಿಗೆ ಹಗುರವಾಗಿತ್ತು. 'ಇದು ಹೀಗೇ ಇರಲಿ,' ಅಂದುಕೊಂಡಳು. 'ಹೆಸರಿಡೋದು ಬೇಡ. ಹೆಸರಿಟ್ರೆ ಹೊರಟುಹೋಗುತ್ತೆ.'

ಅವನಿಗೆ ಹಾಗಿರಲಿಲ್ಲ. ದಿನಾ ಬೇರೆಯವರ ಮಾತನ್ನು ಕತ್ತರಿಸಿ ಕೂಡಿಸುವ ಗಂಡಸು ತನ್ನ ಒಂದೇ ಒಂದು ಮಾತನ್ನು ಎದೆಯಲ್ಲಿಟ್ಟುಕೊಂಡು ಸಮಯ ಕಾಯುತ್ತಿದ್ದ. ಸಮಯ ಬಂತು. ಬರಬಾರದ ರೀತಿಯಲ್ಲಿ ಬಂತು.

ಆ ಮಧ್ಯಾಹ್ನ ಅವಳು ಪೆನ್ನು ಕಚ್ಚುತ್ತಾ ಕೂತಿದ್ದಳು. ಚಾನೆಲ್‌ನವರು ವಕೀಲ ಏನಾದರೂ ಒಂದು ಹತ್ತಿರದ ಮಾತು ಆಡಲಿ ಅಂತ ತಲೆ ತಿಂದಿದ್ದರು.

"ನಿಜವಾಗಿ ಇಷ್ಟಪಟ್ಟ ಗಂಡಸು ಹೇಗೆ ಹೇಳ್ತಾನೆ?" ಅಂತ ಗಾಳಿಗೆ ಕೇಳಿದಂತೆ ಕೇಳಿದಳು.

ಅವನು ಕುರ್ಚಿ ತಿರುಗಿಸಿದ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಪರದೆಯನ್ನೂ ಆರಿಸಿದ. ಅಷ್ಟಾದರೂ ಗಮನಿಸಬೇಕಿತ್ತು ಅವಳು.

"ಮೆಟ್ಟಿಲ ಮೇಲೆ ನಿಮ್ಮ ಹೆಜ್ಜೆ ಕೇಳಿದ್ರೆ ಸಾಕು, ನನಗೆ ಆಗ ಬೆಳಗಾಗುತ್ತೆ," ಅಂದ ಮೆಲ್ಲಗೆ. "ಕೊನೇ ಮೆಟ್ಟಿಲಲ್ಲಿ ಒಂದು ಗಳಿಗೆ ನಿಲ್ತೀರಿ. ಏದುಸಿರು ಯಾರಿಗೂ ಕಾಣಬಾರ್ದು ಅಂತ ಉಸಿರು ಎಳ್ಕೊಳ್ತೀರಿ. ಆಮೇಲೆ ಬರ್ತೀರಿ. ಆ ಒಂದು ಉಸಿರಿಗೆ ನಾನು ಇಡೀ ದಿನ ಕಾಯ್ತೀನಿ. ಬಾಳೆಲ್ಲಾ ಕಾಯೋಕೂ ತಯಾರು."

ನಿಮಗೆ ಅರ್ಥವಾಯಿತು. ನನಗೂ ಆಯಿತು. ಅವಳಿಗೆ ಆಗಲಿಲ್ಲ ನೋಡಿ.

ಯಾಕೆಂದರೆ ಅವಳ ತಲೆಯಲ್ಲಿ ವಕೀಲ ಕೂತಿದ್ದ. ಎದೆ ಒಂದು ಸಲ ಝಲ್ ಅಂದದ್ದು ನಿಜ. ಆದರೆ ಒಳ್ಳೆಯ ಸಾಲು ಸಿಕ್ಕಾಗಲೆಲ್ಲ ಅವಳ ಎದೆ ಝಲ್ ಅನ್ನುತ್ತಿತ್ತು, ಇದೂ ಅದೇ ಅಂದುಕೊಂಡಳು.

"ಅಯ್ಯೋ, ಎಷ್ಟು ಚೆನ್ನಾಗಿದೆ," ಅಂದಳು, ಬರೆದುಕೊಳ್ಳುತ್ತಾ. "ಆದ್ರೆ ಈಗ ಬೇಡ. ಈಗ್ಲೇ ಹೇಳಿಬಿಟ್ರೆ ಎಲ್ಲಾ ಹಾಳು. ಇನ್ನೊಂದಷ್ಟು ದಿನ ಎಳೆಯೋಣ. ಅಷ್ಟಕ್ಕೂ ಇವನೇ ಹೇಳ್ಬೇಕು ಅಂತೇನಿಲ್ಲ, ಬೇರೆ ಒಬ್ಬ ಬರ್ತಿದ್ದಾನಲ್ಲ."

ಅವಳ ಪೆನ್ನು ಓಡುವುದನ್ನು ಅವನು ನೋಡಿದ.

"ಸರಿ," ಅಂದ. ಪರದೆ ಹೊತ್ತಿಸಿದ. ಹೆಡ್‌ಫೋನ್ ಏರಿಸಿಕೊಂಡ.

'ಬೇರೆ ಒಬ್ಬ' ಅಂದರೆ ಸೀರಿಯಲ್ಲಿಗೆ ಬರಲಿದ್ದ ಹೊಸ ಪಾತ್ರ. ದೊಡ್ಡ ಮನುಷ್ಯನ ವೇಷ ಹಾಕಿಕೊಂಡು ನರ್ಸನ್ನು ಮದುವೆಯಾಗಲು ಬರುವ ಕಳ್ಳ ವರ. ಇವನಿಗೆ ಅದು ಹೇಗೆ ಗೊತ್ತಾಗಬೇಕು? ಸೀನುಗಳು ಇನ್ನೂ ಮೇಲೆ ಬಂದಿರಲಿಲ್ಲ. ಇವನು ಅಂದುಕೊಂಡದ್ದು ಅವಳ ಬಾಳಿಗೇ ಯಾರೋ ಬರುತ್ತಿದ್ದಾರೆ ಅಂತ.

*

ಗಾಯದ ಮೇಲೆ ಬರೆ ಎಳೆದಂತೆ ಮುಂದಿನದು ನಡೆಯಿತು. ಒಳ್ಳೆಯ ಸಾಲು ಸಿಕ್ಕಿದೆ, ವಕೀಲನಿಗೆ ಕೊಟ್ಟರೆ ಕಥೆ ಮುಗಿಯುತ್ತದೆ, ಹಾಗಂತ ಬಿಸಾಡಲು ಮನಸ್ಸಿಲ್ಲ. ಅವಳು ಅದನ್ನು ಕಳ್ಳ ವರನ ಬಾಯಿಗೆ ಹಾಕಿದಳು. ನಿಲ್ಲಿಸಿದ ಕಾರಿನಲ್ಲಿ ಕೂತು ಅವನು ಹೇಳುತ್ತಾನೆ, ನರ್ಸ್ ನಾಚಿ ತಲೆ ತಗ್ಗಿಸುತ್ತಾಳೆ, ಅವಳು ಅತ್ತ ತಿರುಗಿದಾಗ ಅವನು ಕನ್ನಡಿಯಲ್ಲಿ ನೋಡಿಕೊಂಡು ಮೀಸೆಯಡಿ ನಗುತ್ತಾನೆ.

ಆ ಸೀನನ್ನು ಕೂಡಿಸಬೇಕಾದವನು ನಮ್ಮ ಕತ್ತರಿ. ತನ್ನ ಮಾತು, ಅಕ್ಷರ ಅಕ್ಷರವೂ ತನ್ನದೇ, ಒಬ್ಬ ಮೋಸಗಾರನ ಬಾಯಲ್ಲಿ. ಕೊನೆಗೆ ಆ ನಗು. ಅವಳು ಹೇಳಿದ 'ಬೇರೆ ಒಬ್ಬ' ಈ ಕಳ್ಳನೇ ಇರಬಹುದು ಅಂತ ಆ ನೋವಿನಲ್ಲಿ ಅವನಿಗೆ ಹೊಳೆಯಲೇ ಇಲ್ಲ. ಎಷ್ಟು ಸಲ ಹಿಂದೆ ಮುಂದೆ ಓಡಿಸಿದನೋ ದೇವರೇ ಬಲ್ಲ. ಚೆನ್ನಾಗಿಯೇ ಕೂಡಿಸಿದ, ಅದು ಅವನ ಗುಣ. ಕೆಳಗೆ ಹೋಗಿ ಡೈರೆಕ್ಟರ್‌ಗೆ ಹೇಳಿದ, "ಬೇರೆ ಊರಲ್ಲಿ ಒಂದು ಕೆಲಸ ಕರೀತಿದ್ದಾರೆ ಸರ್. ಈ ತಿಂಗಳು ಮುಗಿಸಿ ಹೋಗ್ತೀನಿ."

ಅವಳಿಗೆ ಈ ಸುದ್ದಿ ಬಂದದ್ದು ಅಜ್ಜಿಯಿಂದ. ಅಜ್ಜಿ ಅಂದರೆ ಸೀರಿಯಲ್ಲಿನ ಮನೆ ಒಡತಿ. ನಾಟಕ, ಸಿನಿಮಾ ಎಲ್ಲ ಅರೆದು ಕುಡಿದ ಹಿರಿಯ ನಟಿ. ಎದೆನೋವಿನ ಸೀನುಗಳ ನಡುವೆ ಹಾಯಾಗಿ ಸ್ವೆಟರ್ ಹೆಣೆಯುತ್ತಾ ಕೂರುತ್ತಿದ್ದರು.

"ನಿನ್ನ ಕತ್ತರಿ ಹೊರಟನಂತಲ್ಲೇ."

"ನನ್ನ ಕತ್ತರಿ ಯಾಕಾಗ್ತಾರೆ ಅಜ್ಜಿ," ಅಂದಳು. ಅಂದಮೇಲೆ ಮಾತಿನ ಅರ್ಥ ತಟ್ಟಿತು. "ಎಲ್ಲಿಗೆ?"

ಅವರ ಉತ್ತರಕ್ಕೂ ಕಾಯದೆ ಮೇಲೆ ಹೋದಳು. ಕಳೆದ ಕೆಲವು ದಿನಗಳಿಂದ ಅವನು ತಲೆ ಎತ್ತಿ ನೋಡಿರಲಿಲ್ಲ. ಪರದೆ ಬಟ್ಟೆ ಸರಿಸಿರಲಿಲ್ಲ. 'ಕೆಲಸ ಜಾಸ್ತಿ ಇರಬೇಕು' ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು, ಪೆದ್ದಿ.

"ಹೋಗ್ತಿದ್ದೀರಂತೆ?"

"ಹೌದು ಮೇಡಂ."

"ಯಾಕೆ ಅಂತ ಕೇಳಬಹುದಾ?"

"ನಿಮ್ಮ ಕಥೆಯಲ್ಲಿ ನನಗೆ ಕೆಲಸ ಇಲ್ಲ."

ಅವಳಿಗೆ ಕಪಾಳಕ್ಕೆ ಬಿಟ್ಟಂತಾಯಿತು. ತನ್ನ ಬರವಣಿಗೆ ಅವನಿಗೆ ಸಾಕಾಗಿದೆ, ಈ ಎಳೆದಾಟ ಸಾಕಾಗಿದೆ, ಬೇರೆ ಯಾವುದೋ ಚುರುಕಾದ ಕಥೆ ಸಿಕ್ಕಿದೆ ಅಂದುಕೊಂಡಳು.

"ಇಷ್ಟ ಇಲ್ಲದವರನ್ನ ಹಿಡಿದಿಟ್ಟುಕೊಳ್ಳೋಕಾಗುತ್ತಾ," ಅಂದಳು. "ಒಳ್ಳೇದಾಗ್ಲಿ."

"ನಿಮಗೂ. ಅವರಿಗೂ."

'ಅವರಿಗೂ ಅಂದ್ರೆ ಯಾರಿಗೆ?' ಅಂತ ಕೇಳಬೇಕಿತ್ತು. ಅಲ್ಲೇ ಗಂಟು ಬಿಚ್ಚಿಹೋಗುತ್ತಿತ್ತು. ಆದರೆ ಅವಳ ಕಣ್ಣು ತುಂಬಿತ್ತು, ಅವನೆದುರು ಅಳಬಾರದು ಅನ್ನುವ ಹಟ ಬೇರೆ. ತಿರುಗಿ ಹೊರಟಳು. ಸಾವಿರಾರು ಜನರನ್ನು ಅಳಿಸಿದವಳು ತಾನೇ ಅಳಲು ಜಾಗ ಸಿಗದೆ, ಸೆಟ್ಟಿನ ಅಡುಗೆಮನೆಯಲ್ಲಿ, ಹೊತ್ತಿಸಿದರೆ ಹೊತ್ತದ ಒಲೆಯ ಮುಂದೆ ನಿಂತು ಅತ್ತಳು.

ರಾತ್ರಿ ಅಮ್ಮ ತಟ್ಟೆ ಇಟ್ಟು ಮುಖ ನೋಡಿದರು. ತಲೆ ಮೇಲೆ ಒಂದು ಸಲ ಕೈಯಾಡಿಸಿ ಒಳಗೆ ಹೋದರು.

*

ಕತ್ತರಿಯ ಕೆಲಸದ ಕೊನೆಯ ದಿನ ಡೈರೆಕ್ಟರ್ ಕುಣಿಯುತ್ತಾ ಬಂದರು.

"ಜನ ಆ ಮೆಟ್ಟಿಲ ಮಾತಿಗೆ ಮರುಳಾಗಿಬಿಟ್ಟಿದ್ದಾರೆ ಮೇಡಂ. ಚಾನೆಲ್‌ನವರಿಗೆ ಇವತ್ತೇ ಒಂದು ಕನಸಿನ ಸೀನ್ ಬೇಕಂತೆ. ಅವಳು ಮೆಟ್ಟಿಲು ಹತ್ತಿ ಬರ್ತಾಳೆ, ಮೇಲೆ ಅವನು ಕಾಯ್ತಿರ್ತಾನೆ. ಸುತ್ತ ಹೊಗೆ."

"ಕನಸೇನೋ ಸರಿ," ಅಂದರು ಅಜ್ಜಿ, ಹೆಣಿಗೆಯಿಂದ ತಲೆ ಎತ್ತದೆ. "ಮೆಟ್ಟಿಲೆಲ್ಲಿದೆ? ನಮ್ಮ ಮನೆಗೆ ಮಹಡಿಯೇ ಇಲ್ಲವಲ್ಲಪ್ಪ. ಇಲ್ಲದ ಮೆಟ್ಟಿಲನ್ನ ಆ ಹುಡುಗಿ ಯಾವಾಗ ಹತ್ತಿದ್ಲು, ಆ ಕಳ್ಳ ಯಾವಾಗ ಕೇಳಿಸಿಕೊಂಡ?"

ಸೆಟ್ಟೆಲ್ಲ ನಕ್ಕಿತು. ಅವಳೂ ನಕ್ಕಳು, ನಾಲಿಗೆ ಕಚ್ಚಿಕೊಂಡು. "ಬರೆಯೋವಾಗ ಗಮನಿಸಲಿಲ್ಲ ಅಜ್ಜಿ."

"ಹಾಗಾದ್ರೆ ಯಾರ ಮನೆ ಮೆಟ್ಟಿಲೇ ಅದು?"

ಅವಳಿಗೆ ಎಲ್ಲೋ ಒಂದು ಕಡೆ ಎಳೆ ಜಗ್ಗಿದಂತಾಯಿತು, ಅಷ್ಟರಲ್ಲಿ ಡೈರೆಕ್ಟರ್ ಚಿಟಿಕೆ ಹೊಡೆದರು.

"ಎಡಿಟಿಂಗ್ ರೂಮಿಗೆ ಹೋಗೋ ಮೆಟ್ಟಿಲಿದೆಯಲ್ಲ. ಮೂರು ಮಹಡಿ. ಅಲ್ಲೇ ತೆಗೆಯೋಣ. ನಾಯಕಿಗೆ ಮೇಕಪ್ ಆಗ್ತಿದೆ, ಮೇಡಂ, ಒಂದು ಸಲ ನೀವೇ ಹತ್ತಿ, ಲೈಟ್ ನೋಡ್ಕೊಳ್ತೀವಿ."

ಹೊಗೆ ಬಿಟ್ಟರು. ಕಿಟಕಿಗಳಿಗೆ ತೆಳು ನೀಲಿ ಹಾಳೆ ಅಂಟಿಸಿದರು. ದಿನಾ ಹತ್ತುವ ಅದೇ ಮೆಟ್ಟಿಲು ಯಾವುದೋ ಲೋಕದ ಮೆಟ್ಟಿಲಾಯಿತು. ಗೋಡೆಯ ಕಲೆ ಕಾಣಲಿಲ್ಲ, ಮುರಿದ ಹಿಡಿಕೆ ಕಾಣಲಿಲ್ಲ. ಪಾದದ ಸುತ್ತ ಬಿಳಿ ಮೋಡ ಸುಳಿಯುತ್ತಿತ್ತು. ಅವಳು ಹತ್ತತೊಡಗಿದಳು, ಮೆಲ್ಲಗೆ, ನಿದ್ದೆಯಲ್ಲಿ ನಡೆಯುವವಳಂತೆ. ತನ್ನ ಚಪ್ಪಲಿಯ ಸದ್ದು ತನಗೇ ಕೇಳಿಸುತ್ತಿತ್ತು. ಇಷ್ಟು ದಿನ ಒಮ್ಮೆಯೂ ಅದಕ್ಕೆ ಕಿವಿಗೊಟ್ಟಿರಲಿಲ್ಲ ಅವಳು.

'ಇವತ್ತೇ ಕೊನೆ,' ಅಂದುಕೊಂಡಳು. 'ನಾಳೆ ಹತ್ತಿದ್ರೆ ಮೇಲೆ ಅವರಿರೋಲ್ಲ.'

ಕೊನೆಯ ಮೆಟ್ಟಿಲು ಬಂತು. ಕಾಲು ತಾನಾಗಿ ನಿಂತಿತು. ಏದುಸಿರು. ಅದು ಕಾಣಬಾರದು ಅಂತ ಎದೆ ತಾನಾಗಿ ಒಂದು ಉಸಿರು ಎಳೆದುಕೊಂಡಿತು.

ಆ ಉಸಿರು ಅಲ್ಲೇ ಸಿಕ್ಕಿಕೊಂಡಿತು.

'ಕೊನೇ ಮೆಟ್ಟಿಲಲ್ಲಿ ಒಂದು ಗಳಿಗೆ ನಿಲ್ತೀರಿ...'

ನರ್ಸ್ ಯಾವತ್ತೂ ಮೆಟ್ಟಿಲು ಹತ್ತಿಲ್ಲ. ಹತ್ತಿದವಳು ತಾನು. ನಿಂತವಳು ತಾನು. ಈ ಉಸಿರನ್ನು ಬಾಗಿಲ ಆಚೆ ಕೂತು ಕೇಳಬಲ್ಲವನು ಲೋಕದಲ್ಲಿ ಒಬ್ಬನೇ.

"ಅಯ್ಯೋ ದೇವರೇ," ಅಂದಳು. "ನನಗೆ ಹೇಳಿದ್ದು ಅದು... ನನಗೆ."

ಆಮೇಲೆ ತಾನು ಕೊಟ್ಟ ಉತ್ತರ ಒಂದೊಂದೇ ನೆನಪಾಯಿತು. ಈಗ ಬೇಡ. ಇನ್ನೊಂದಷ್ಟು ದಿನ ಎಳೆಯೋಣ. ಬೇರೆ ಒಬ್ಬ ಬರ್ತಿದ್ದಾನಲ್ಲ. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು.

"ಮೇಡಂ, ಅಲ್ಲೇ ನಿಂತಿರಿ, ಲೈಟ್ ಚೆನ್ನಾಗಿದೆ," ಅಂತ ಕೆಳಗಿನಿಂದ ಕೂಗಿದರು.

ಅವಳು ನಿಲ್ಲಲಿಲ್ಲ. ಬಾಗಿಲು ತಳ್ಳಿ ಒಳಗೆ ಹೋದಳು, ಹಿಂದೆ ಒಂದಿಷ್ಟು ಹೊಗೆಯೂ ನುಗ್ಗಿತು.

ಅವನು ಸಾಮಾನು ಕಟ್ಟುತ್ತಿದ್ದ. ಹೆಡ್‌ಫೋನ್, ಒಂದು ಲೋಟ, ಎರಡು ಪುಸ್ತಕ. ಮೇಜು ಖಾಲಿಯಾಗಿತ್ತು.

"ಹೋಗಬೇಡಿ," ಅಂದಳು.

"ಹೊಸ ಎಡಿಟರ್ ನಾಳೆ ಬರ್ತಾರೆ ಮೇಡಂ. ಎಲ್ಲಾ ಹೇಳಿಟ್ಟಿದ್ದೀನಿ."

"ಕೆಲಸದ ಮಾತಲ್ಲ. ನಾನು... ನೀವು ಇಲ್ಲ ಅಂದ್ರೆ ನನಗೆ... ನನಗೆ ಆಗೋಲ್ಲ."

ಅವನು ಲೋಟವನ್ನು ಚೀಲಕ್ಕೆ ಹಾಕುತ್ತಾ ಸಣ್ಣಗೆ ನಕ್ಕ, ಬೇಜಾರಿನ ನಗು. "ಇದು ಯಾವ ಸೀನಿಗೆ? ಯಾರಿಗೆ ಕೊಡ್ತೀರಿ ಈ ಮಾತು?"

ಮಾಡಿದ್ದುಣ್ಣೋ ಮಹರಾಯ. ಇಷ್ಟು ವರ್ಷ ಎಲ್ಲರ ಪ್ರೀತಿಗೂ ಮಾತು ಬರೆದುಕೊಟ್ಟವಳು, ಈಗ ತನ್ನದನ್ನು ಹೇಳಿದರೆ ನಂಬುವವರಿಲ್ಲ.

"ಯಾರಿಗೂ ಕೊಡಲ್ಲ," ಅಂದಳು. ಕಣ್ಣೀರು ಬಂದೇ ಬಂತು, ತಡೆಯಲಿಲ್ಲ. "ಆ ದಿನ ನೀವು ಹೇಳಿದ್ದು ವಕೀಲನ ಮಾತು ಅಂದ್ಕೊಂಡೆ. ನಾನು ಬೇಡ ಅಂದಿದ್ದೂ ವಕೀಲನಿಗೇ. ನಿಮಗೆ ನಾನಿನ್ನೂ ಉತ್ತರಾನೇ ಕೊಟ್ಟಿಲ್ಲ."

ಅವನ ಕೈ ಚೀಲದಲ್ಲೇ ನಿಂತಿತು.

"ವಕೀಲನಿಗೆ?"

"ಹ್ಞೂಂ."

"ಮತ್ತೆ ಆ ಬೇರೆ ಒಬ್ಬ... ಬರ್ತಿದ್ದಾನೆ ಅಂದ್ರಲ್ಲ?"

"ಆ ಕಳ್ಳ ವರ."

"ಅವನಾ?" ಅವನು ಕುರ್ಚಿಯಲ್ಲಿ ಕುಸಿದು ಕೂತ. "ನಾನು ನಿಮಗೆ ಗಂಡು ಗೊತ್ತಾಗಿದೆ ಅಂದ್ಕೊಂಡಿದ್ದೆ. ಅಷ್ಟು ಸಾಲದು ಅಂತ ನನ್ನ ಮಾತನ್ನ ಅವನ ಬಾಯಿಗೆ ಹಾಕಿದ್ರಿ. ಅವನ ಆ ನಗುವನ್ನ ನಾನೇ ಕೂತು ಕೂಡಿಸಿದೆ, ಗೊತ್ತಾ?"

"ವಕೀಲನಿಗೆ ಕೊಟ್ರೆ ಕಥೆ ಮುಗಿಯುತ್ತೆ ಅಂತ ಅವನಿಗೆ ಕೊಟ್ಟೆ. ಅಷ್ಟು ಒಳ್ಳೇ ಮಾತು ದಂಡ ಆಗ್ಬಾರ್ದು ಅಂತ."

ಅವನು ಅವಳನ್ನೇ ನೋಡಿದ. ಮೊದಲು ಭುಜ ಅಲುಗಿತು, ಆಮೇಲೆ ನಗು ಬಂತು, ತಡೆಯಲಾಗದ ನಗು. ಅವಳೂ ನಕ್ಕಳು, ಅಳುತ್ತಲೇ. ಹೊಗೆ ಮೆಲ್ಲಗೆ ಇಬ್ಬರ ನಡುವೆ ಹರಿದು ಕಿಟಕಿಯ ಕಡೆ ಹೋಯಿತು.

"ಹಾಗಾದ್ರೆ ಉತ್ತರ?" ಅಂದ ಅವನು, ನಗು ನಿಂತ ಮೇಲೆ. ದನಿ ತೀರಾ ಸಣ್ಣದಾಗಿತ್ತು.

ಅವಳು ಚೆಂದದ ಸಾಲೊಂದನ್ನು ಹುಡುಕಿದಳು. ಒಂದೂ ಸಿಗಲಿಲ್ಲ.

"ನನಗೆ ನೀವು ಬೇಕು," ಅಂದಳು. "ಅಷ್ಟೇ. ಇದನ್ನ ಚೆಂದ ಮಾಡಿ ಹೇಳೋಕೆ ಬರ್ತಿಲ್ಲ."

"ಒಂದಕ್ಷರ ತೆಗೆಯೋ ಹಾಗಿಲ್ಲ," ಅಂದ ಅವನು.

ಹತ್ತಿರ ಬಂದ. ಅವಳ ಕೆನ್ನೆಯ ಮೇಲಿನ ನೀರನ್ನು ಹೆಬ್ಬೆರಳಿನಿಂದ ಒರೆಸಿದ. ಅವಳು ಆ ಕೈಯನ್ನು ಹಿಡಿದುಕೊಂಡಳು, ಬಿಡಲಿಲ್ಲ.

"ಆ ಕೆಲಸಕ್ಕೆ ಬರ್ತೀನಿ ಅಂತ ಮಾತು ಕೊಟ್ಟಾಗಿದೆ," ಅಂದ. "ನಾಳೆ ಹೋಗಲೇಬೇಕು."

"ಹೋಗಿ. ನಾನು ಬರ್ತಿರ್ತೀನಿ. ನೀವೂ ಬನ್ನಿ. ಅಮ್ಮನ್ನ ನೋಡಿ, ಅವರು ನಿಮ್ಮನ್ನ ಪ್ರಶ್ನೆ ಕೇಳಿ ಕೇಳಿ ಸಾಯಿಸ್ತಾರೆ."

"ಆಮೇಲೆ?"

ಅವಳ ಭಯವೆಲ್ಲ ಆ ಒಂದು ಮಾತಿನಲ್ಲಿತ್ತು. ಹೇಳಿದ್ದಾಯಿತು, ಇನ್ನು ಎಳೆಯಲು ಏನೂ ಉಳಿದಿಲ್ಲ. ಆದರೂ ಅವನು ಇಲ್ಲೇ ಇದ್ದ. ಕೈ ಬೆಚ್ಚಗಿತ್ತು. ಪರದೆ ಬಟ್ಟೆಯ ಅಂಚಿನಿಂದ ಬಿಸಿಲು ಬರುತ್ತಲೇ ಇತ್ತು. ಏನೂ ಮುಗಿದಂತೆ ಕಾಣಲಿಲ್ಲ.

"ಆಮೇಲಿನದ್ದು ನನಗೆ ಗೊತ್ತಿಲ್ಲ," ಅಂದಳು ಪ್ರಾಮಾಣಿಕವಾಗಿ. "ಅದನ್ನ ನಾನು ಯಾವತ್ತೂ ಸರಿಯಾಗಿ ಬರೆದಿಲ್ಲ. ಹೆದರಿಕೆ ಆಗುತ್ತೆ."

"ನನಗೂ ಆಗುತ್ತೆ."

"ನಿಜವಾಗ್ಲೂ?"

"ಕಾಲು ನಡುಗ್ತಿದೆ. ಬೆಳಗಿಂದ ಏನೂ ತಿಂದಿಲ್ಲ, ಅದೂ ಇರಬಹುದು." ಚೀಲವನ್ನು ಮೇಜಿನ ಮೇಲೇ ಬಿಟ್ಟು ಬಾಗಿಲ ಕಡೆ ತಿರುಗಿದ. "ಮೊದಲು ಊಟ ಮಾಡೋಣ. ಬನ್ನಿ ಮೇಡಂ."

ಅವಳು ಅಲುಗಲಿಲ್ಲ.

"ಏನಾಯ್ತು?"

"ಇನ್ನೂ ಮೇಡಂ ಅಂತೀಯಲ್ಲ," ಅಂದಳು ನೆಲ ನೋಡುತ್ತಾ. 'ಅಂತೀಯ' ಅನ್ನುವುದು ಬಾಯಿ ಜಾರಿ ಬಂದಿತ್ತು. ವಾಪಸ್ ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ.

ಅವನ ಕಿವಿ ಕೆಂಪಾಯಿತು. ಒಂದು ಸಲ ಕೆಮ್ಮಿದ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಆಮೇಲೆ ಕೈ ಚಾಚಿದ.

"ಬಾ," ಅಂದ.